ಕಾಲೂರದೆ

ಬೇತ್ರಿ ಸೇತುವೆಯ ಕೆಳಗೆ, ಮಾರ್ಚಿನ ಬೆಳಿಗ್ಗೆ.
ಹೂಮಳೆ ಇನ್ನೂ ಬಿದ್ದಿಲ್ಲ,
ಕಾವೇರಿ ಮೊಣಕಾಲಿಗೆ ಇಳಿದಿದ್ದಾಳೆ.
ಮಗಳು ಬೋಜಮ್ಮ ಮುಖಕ್ಕೆ ನೀಲಿ ಮಾಸ್ಕು ಬಿಗಿದು
ಬಾಯಲ್ಲಿ ಕೊಳವೆ ಕಚ್ಚಿ
ನೀರಿನ ಮೇಲೆ ಅಂಗಾತವಲ್ಲ, ಬೋರಲಾಗಿ ಬಿದ್ದಿದ್ದಾಳೆ.
ಬಟ್ಟೆ ಒಗೆಯುತ್ತಿದ್ದವಳು ಕೈ ನಿಲ್ಲಿಸಿ ಕೇಳುತ್ತಾಳೆ:
'ಏನಮ್ಮಾ, ಮಗು ಹೊಳೆಯಲ್ಲಿ ಏನು ಕಳೆದುಕೊಂಡಿತು?'

ಕಳೆದದ್ದು ಇಲ್ಲಲ್ಲ. ಮಗುವೂ ಅಲ್ಲ.

ಡಿಸೆಂಬರಿನಲ್ಲಿ ಮುರ್ಡೇಶ್ವರದಿಂದ ದೋಣಿ ಹತ್ತಿ
ನೇತ್ರಾಣಿಯ ಬಂಡೆಯ ನೆರಳಿಗೆ ಹೋಗಿದ್ದೆವು.
ನಾಲ್ವರಿಗೂ ಕಿತ್ತಳೆ ಬಣ್ಣದ ಜಾಕೆಟ್ಟು.
ಪೆಮ್ಮಯ್ಯನ ಹೊಟ್ಟೆಗೆ ಬಕಲು ಎಟುಕದೆ
ಮಕ್ಕಳು ನಕ್ಕು ನಕ್ಕು ವಾಂತಿಯನ್ನೇ ಮರೆತರು.
ದೋಣಿಯ ದುರ್ಗಯ್ಯ ಖಾರ್ವಿ ಹೇಳಿದ್ದು ಎರಡೇ ಮಾತು:
'ಮುಟ್ಟಬೇಡಿ. ನಿಲ್ಲಬೇಡಿ.'

ಮುಟ್ಟದಿರುವುದು ಸುಲಭ.
ಆದರೆ ನಾವು ಗುಡ್ಡದವರು,
ನಡೆಯಲು ಕಲಿತಂದಿನಿಂದ ನಮಗೆ ಒಂದೇ ಪಾಠ:
ಕೆಸರಿನ ಇಳಿಜಾರಿನಲ್ಲಿ ಹೆಬ್ಬೆರಳು ಒತ್ತು,
ಮೆಣಸು ಕೊಯ್ಯುವ ಏಣಿಯಲ್ಲಿ ಅಂಗಾಲು ಊರು,
ಬೆಟ್ಟವೇ ಕುಸಿದು ಬಂದ ಆ ಆಗಸ್ಟಿನಲ್ಲೂ
ಇನ್ನೊಂದು ತುಂಡು ನೆಲ ಹುಡುಕಿ
ನಿಂತುಕೋ ಮೊದಲು, ಆಮೇಲೆ ಅಳು.

ಕೆಳಗೆ ನೇರಳೆ, ಹಳದಿ, ಹೆಸರಿಲ್ಲದ ಕಂದು.
ಹುಲ್ಲಿನ ಮೇಲೆ ಗಾಳಿ ಹೋದಂತೆ ಮೀನಿನ ಹಿಂಡು ಹೋಯಿತು.
ಒಂದು ಸಣ್ಣ ಅಲೆ. ಮೂಗಿಗೆ ಉಪ್ಪು.
ನಾನು ಕಾಲೂರಿದೆ.

ಸದ್ದು ಕೇಳಲಿಲ್ಲ.
ಅಕ್ಕಿರೊಟ್ಟಿಯ ಅಂಚು ಮುರಿದಂತೆ ಏನೋ
ರಬ್ಬರಿನೊಳಗಿಂದ ಹಿಮ್ಮಡಿಗೆ ತಿಳಿಯಿತು.
ಮಾಸ್ಕಿನ ಹಿಂದೆ ಬೋಜಮ್ಮನ ಕಣ್ಣು
ಮೀನಿನ ಕಣ್ಣಿಗಿಂತ ದುಂಡಗೆ, ನನ್ನನ್ನೇ ನೋಡುತ್ತ.

ದುರ್ಗಯ್ಯ ಬೈಯಲಿಲ್ಲ.
ದೋಣಿಯಲ್ಲಿ ಟವೆಲು ಕೊಡುವಾಗ
ತನ್ನ ಕಿರುಬೆರಳ ಉಗುರಿನ ತುದಿ ತೋರಿಸಿದ:
'ವರ್ಷಕ್ಕೆ ಇಷ್ಟು ಬೆಳೀತದೆ ಅಮ್ಮಾ.'
ಬೈದಿದ್ದರೆ ಚೆನ್ನಾಗಿತ್ತು.

ಊರಿಗೆ ಬಂದ ರಾತ್ರಿ ಪೆಟ್ಟಿಗೆ ತೆಗೆದೆ.
ಅತ್ತೆ ಮುದ್ದವ್ವ ಮದುವೆಯಲ್ಲಿ ನನ್ನ ಕೊರಳಿಗೆ ಹಾಕಿದ ಹವಳದ ಸರ.
ಹದಿನಾಲ್ಕು ವರ್ಷ ಕಲ್ಲೆಂದೇ ತೊಟ್ಟಿದ್ದೆ.
ಮೂವತ್ತೊಂದು ಮಣಿ. ಉಗುರಿನ ತುದಿ ಇಟ್ಟು ಅಳೆಯುತ್ತ ಹೋದೆ,
ಆರನೆಯದಕ್ಕೆ ಲೆಕ್ಕ ಬಿಟ್ಟೆ.
'ನಮ್ಮ ಮುತ್ತಜ್ಜ ಎತ್ತಿನ ಮೇಲೆ ಅಕ್ಕಿ ಹೇರಿ
ತಲಚೇರಿಗೆ ಇಳಿದು
ಉಪ್ಪಿನ ಜೊತೆ ತಂದದ್ದು' ಎಂದರು ಅತ್ತೆ.
ಇದಕ್ಕೆ ಜೀವ ಇತ್ತಂತೆ, ಎಂದೆ.
ಅವರು ಸರವನ್ನು ಮೂಗಿಗೆ ಹಿಡಿದು ಮೂಸಿದರು,
ಬಹಳ ಹೊತ್ತು ಮೂಸಿದರು.
'ಹೇಳಬಾರದಿತ್ತು ನೀನು' ಎಂದರು.

ಅಂದಿನಿಂದ ಬೋಜಮ್ಮ ನನಗೆ ಪಾಠ ಹೇಳುತ್ತಾಳೆ,
ಪ್ರತಿ ಭಾನುವಾರ, ಈ ಹೊಳೆಯಲ್ಲಿ.
ತಮ್ಮ ಚಂಗಪ್ಪ ಕಲ್ಲೊಂದನ್ನು ಎತ್ತಿದರೆ ಕಿರುಚುತ್ತಾಳೆ:
'ಅದೇ ಜಾಗ! ಅದೇ ಮಗ್ಗುಲು!'
ಕಲ್ಲಿನ ಅಡಿಯಲ್ಲಿ ಹುಳುವೊಂದು
ಮರಳಿನ ಹರಳು ಒಂದೊಂದೇ ಅಂಟಿಸಿ
ಮೈಗೆ ಅಳತೆಯ ಅಂಗಿ ಹೊಲಿದುಕೊಂಡಿರುತ್ತದೆ.
ಅಕ್ಕಿಕಾಳಿನಷ್ಟು ಉದ್ದ. ಬಾಗಿಲೂ ಇದೆ.
ಇಷ್ಟು ವರ್ಷ ಇದೇ ದಾರಿಯಲ್ಲಿ
ಬಕೆಟ್ಟು ಹಿಡಿದು ಎಷ್ಟು ಮನೆ ತುಳಿದೆನೋ.

'ಅವ್ವ, ಈಗ ನೀನು' ಎನ್ನುತ್ತಾಳೆ, ಮಾಸ್ಕು ಕೊಡುತ್ತ.
ಅದರಲ್ಲಿ ಅವಳ ಉಸಿರಿನ ಬಿಸಿ ಇನ್ನೂ ಇದೆ.
ಬೋರಲಾಗುತ್ತೇನೆ. ಕಿವಿ ತುಂಬ ಹೊಳೆ.
ಹೊಟ್ಟೆಯ ಕೆಳಗೆ ಗೇಣು ನೀರು, ಅದರಡಿ ಕಲ್ಲು,
ಕಲ್ಲಿಗೆ ಕಚ್ಚಿದ ಚಿಪ್ಪು ಬಾಯಿ ತೆರೆದು
ನನ್ನ ನೆರಳು ಬಿದ್ದದ್ದೇ ಮುಚ್ಚಿಕೊಳ್ಳುತ್ತದೆ.
ಕಾಲು ತಾನಾಗಿ ನೆಲ ಹುಡುಕುತ್ತದೆ,
ನಲವತ್ತು ವರ್ಷದ ಬುದ್ಧಿ ಅದು.

ಮಂಡಿ ಮಡಚುತ್ತೇನೆ.
ನೀರು ಅಷ್ಟು ದೂರ ಒಯ್ಯುತ್ತದೆ,
ಮಗಳು ಜಾಕೆಟ್ಟಿನ ಪಟ್ಟಿ ಹಿಡಿದು
ಮತ್ತೆ ಎಳೆದು ತರುತ್ತಾಳೆ.
ಚಿಪ್ಪು ಇನ್ನೂ ತೆರೆದಿಲ್ಲ.
ಕಾಯುತ್ತೇವೆ.