ಖಾಲಿಗೆಷ್ಟು

ಸಾಲಗಾಮೆ ರಸ್ತೆ, ಟೈರ್ ರೀಟ್ರೆಡ್ ಅಂಗಡಿಯ ತಾರಸಿ.
ಕೆಳಗಿನ ರಬ್ಬರಿನ ಕಮಟು ಇಳಿಯುವುದು ರಾತ್ರಿ ಎಂಟರ ಮೇಲೆ,
ಆಮೇಲೆಯೇ ನಾವು ಮುಚ್ಚಳ ತೆಗೆಯುವುದು.
ವಿನ್ಸೆಂಟನ ಕಟ್ಟಪ್ಪಣೆ: ಮೂಗಿಗೆ ಮೊದಲ ಮರ್ಯಾದೆ.

ಆಲೂಗಡ್ಡೆ ಮಂಡಿಯ ಹಳೆಯ ಖಾತೆಪುಸ್ತಕ.
ಲೋಹಿತಾಶ್ವ ಬೀಡಿ ಪೊಟ್ಟಣದ ಅಂಚು ಹಿಡಿದು ಗೆರೆ ಹೊಡೆದಿದ್ದಾನೆ:
ಹೆಸರು. ಊರು. ಬೆಲೆ. ನಾಲಗೆ.
ಹಿಂದಿನ ಪುಟದಲ್ಲಿ ಯಾರದೋ ನಲವತ್ತು ಚೀಲ ಬಿತ್ತನೆಗಡ್ಡೆಯ ಲೆಕ್ಕ
ಈ ಪುಟಕ್ಕೂ ಇಂಕು ಇಳಿಸಿದೆ.

ಗೋಧಿ ಬಿಯರು: ಪಣಜಿಯಲ್ಲಿ ತೊಂಬತ್ತು, ಮಾಹೆಯಲ್ಲಿ ನೂರಹತ್ತು,
ಮೈಸೂರಲ್ಲಿ ನೂರೆಂಬತ್ತು, ನಮ್ಮ ಬಿ.ಎಂ. ರಸ್ತೆಯಲ್ಲಿ
'ಸ್ಟಾಕಿಲ್ಲ ಸಾರ್, ಸ್ಟ್ರಾಂಗ್ ಕೊಡ್ಲಾ?'

ಕರಿ ಸ್ಟೌಟು ಚಿಕ್ಕಮಗಳೂರಿಗೆ ಬರುತ್ತದೆ,
ಹೋಂಸ್ಟೇಯವರು ಕೇಸುಗಟ್ಟಲೆ ಎತ್ತಿಕೊಂಡು ಹೋಗುತ್ತಾರೆ;
ಬೇಲೂರು ದಾಟಿ ಇತ್ತ ಒಂದು ಬಾಟಲಿಯೂ ಇಳಿದಿಲ್ಲ.
'ಹಾಸನಾಂಬೆ ಬಾಗಿಲಿದ್ದಂಗೆ ಕಣ್ಲಾ, ವರ್ಷಕ್ಕೊಂದ್ಸಲ'
ಅಂದುಬಿಟ್ಟ ಪಾಲಾಕ್ಷ. ಅಂದವನೇ ಗ್ಲಾಸು ಕೆಳಗಿಟ್ಟು
ಎರಡೂ ಕೆನ್ನೆ ಬಡಿದುಕೊಂಡ.
ನಾವೂ ಬಡಿದುಕೊಂಡೆವು, ನಗುತ್ತಲೇ.

ವಿನ್ಸೆಂಟ್ ಕಾಫಿ ಕ್ಯೂರಿಂಗಿನಲ್ಲಿ ರುಚಿ ನೋಡುವವನು.
ಸುರ್ರನೆ ಎಳೆದು, ದವಡೆಗೆಲ್ಲ ಹೊರಳಿಸಿ,
ಪಿಚಕ್ಕನೆ ಉಗಿಯುವುದು ಇಪ್ಪತ್ತು ವರ್ಷದ ಅಭ್ಯಾಸ.
'ಅರ್ಧಕ್ಕರ್ಧ ಟ್ಯಾಕ್ಸು ಅದು, ನುಂಗಯ್ಯಾ!'
ಪಾಲಾಕ್ಷ ಗೋಳಾಡುತ್ತಾನೆ.
ಆದರೂ ಬರೆಯುವುದು ವಿನ್ಸೆಂಟ್ ಹೇಳಿದ್ದನ್ನೇ:
ಸೀದ ರಾಗಿರೊಟ್ಟಿಯ ಅಂಚು. ಚಕ್ಕೋತದ ಬಿಳಿ ಸಿಪ್ಪೆ.
ಒಂದಕ್ಕೆ ಮಾತ್ರ, ಹೊಸ ಚಪ್ಪಲಿ.

ನನ್ನ ಪಾಲಿನದು ಸಣ್ಣ ಕೆಲಸ. ಔಷಧಿ ಕಂಪನಿಯ ರೆಪ್ಪು,
ಊರೂರಿಗೆ ಕೆಮ್ಮಿನ ಸಿರಪ್ಪಿನ ಮಹಿಮೆ ಸಾರಿ ಬರುವಾಗ
ವೈನ್‌ಶಾಪಿನ ಸರಳುಗಳಾಚೆ ಇಣುಕಿ ಬೆಲೆ ಕೇಳುತ್ತೇನೆ,
ಕೊಳ್ಳುವುದಿಲ್ಲ. ಕಡೂರಿನವನು ಒಮ್ಮೆ
ಎದ್ದು ನಿಂತು ಕೈಮುಗಿದ, ಅಬಕಾರಿಯವನೆಂದುಕೊಂಡು.

ಕಳೆದ ಶನಿವಾರದ ರಾಣಿ ಗೋವಾದಿಂದ ಬಂದವಳು,
ಕಾರವಾರದ ರೈಲಿನಲ್ಲಿ, ಲೋಹಿತಾಶ್ವನ ಮದುವೆ ಪಂಚೆ ಸುತ್ತಿಕೊಂಡು.
ಪಿಂಗಾಣಿ ಬಿರಡೆ, ತಂತಿ ಕಟ್ಟು. ಮುನ್ನೂರ ಎಪ್ಪತ್ತು.
ನಾಲ್ಕು ಪಾಲು ಮಾಡಿದೆವು, ತೀರ್ಥದಷ್ಟು ತೀರ್ಥದಷ್ಟು.
ಯಾರೂ ಮಾತಾಡಲಿಲ್ಲ.
ವಿನ್ಸೆಂಟ್ ಉಗಿಯಲಿಲ್ಲ.

ಬೆಳಿಗ್ಗೆ ನಿಂಗಾಜಮ್ಮ ಗೋಣಿಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದರು.
ನಾವು ಅಲ್ಲೇ ಮಲಗಿದ್ದವರು; ವಿನ್ಸೆಂಟ್ ಮಾತ್ರ
ಪೂಜೆಗೆ ಹೊರಟು ಷೂ ಕಟ್ಟುತ್ತಿದ್ದ.
ಕುಕ್ಕರುಗಾಲಲ್ಲಿ ಕೂತು ವಿಂಗಡಿಸಿದರು.
ಉದ್ದನೆಯ ಕಂದು ಬಾಟಲಿ, ಎರಡು ರೂಪಾಯಿ.
ಹಸಿರಿನದು, ಒಂದು.
ನಮ್ಮ ಗಿಡ್ಡ ಕತ್ತಿನವು, ಆಮೆ ಚಿತ್ರದವು, ಚಿನ್ನದಕ್ಷರದವು?
'ಇವ್ಕೇನಿಲ್ಲ. ತೊಳ್ಯೋರು ತಗಳಲ್ಲ, ಅಳತೆ ಬ್ಯಾರೆ.
ಒಡ್ದು ಗಾಜಿಗಾಕ್ಬೇಕು. ಕೆಜಿಗೆ ಒಂದೂವರೆ.'

'ಇದು ಮುನ್ನೂರೆಪ್ಪತ್ತರದು' ಎಂದ ಲೋಹಿತಾಶ್ವ,
ಮಗಳ ಅಂಕ ಹೇಳುವ ದನಿಯಲ್ಲಿ.
ಆಕೆ ಬಿರಡೆ ಎತ್ತಿ ಮೂಸಿ ನೋಡಿದರು.
'ಹುಳಿ ಬಂದ ದೋಸೆಹಿಟ್ಟು. ಮೂರನೇ ದಿನದ್ದು.'
ಷೂ ಕಟ್ಟುತ್ತಿದ್ದ ಕೈ ನಿಂತಿತು.
ಆ ಬಾಟಲಿಯ ಮುಂದೆ, ನಾಲಗೆಯ ಕಾಲಮ್ಮಿನಲ್ಲಿ,
ನಾವು ರಾತ್ರಿ ಏನೂ ಬರೆದಿರಲಿಲ್ಲ.

ನಲ್ಲಿ ನೀರು ತುಂಬಿ, ಬಿರಡೆ ಟಕ್ಕೆಂದು ಕೂರಿಸಿ
ತಲೆಕೆಳಗು ಹಿಡಿದರು. ಒಂದು ಹನಿ ಬೀಳಲಿಲ್ಲ.
'ಹರಳೆಣ್ಣೆಗಾಯ್ತದೆ.'
ಅದೊಂದು ಗೋಣಿಗೆ ಹೋಗಲಿಲ್ಲ, ಕಂಕುಳಿಗೆ ಹೋಯಿತು.

ಹದಿನೇಳು ರೂಪಾಯಿ ಎಣಿಸಿ ಕೊಟ್ಟು ಇಳಿದರು.
ಪಾಲಾಕ್ಷ ಪುಸ್ತಕ ಎಳೆದುಕೊಂಡು ಇನ್ನೊಂದು ಗೆರೆ ಹೊಡೆದ, ಸೊಟ್ಟಗೆ.
ತಲೆಬರಹ ಏನು ಬರೆಯುವುದೆಂದು ಹೊಳೆಯದೆ
ಕೆಳಗೆ ಬರೆದ:
ಹರಳೆಣ್ಣೆ, ಅರ್ಧ ಲೀಟರು, ಸೋರುವುದಿಲ್ಲ.