ನಕಲು

ಮಂಡ್ಯ ತಾಲ್ಲೂಕು ಕಚೇರಿಯ ಎದುರಿಗೆ
ನನ್ನದು ಜೆರಾಕ್ಸ್ ಅಂಗಡಿ.
ಪಹಣಿ, ಆಧಾರು, ಟೀಸಿ, ಮರಣ ಪತ್ರ,
ಇದ್ದದ್ದು ಇದ್ದ ಹಾಗೇ ಬರಬೇಕು.
ಒಂದು ಗೆರೆ ಮಾಸಿದರೂ
ಗುಮಾಸ್ತ ಹಿಂದಕ್ಕೆ ತಳ್ಳುತ್ತಾನೆ:
'ನಡೆಯಲ್ಲ ಇದು, ಕ್ಲಿಯರಾಗಿ ತಗೊಂಬಾ.'
ಹದಿನೇಳು ವರ್ಷದಿಂದ
ಕ್ಲಿಯರಾಗಿ ಕೊಡುತ್ತಿದ್ದೇನೆ.

ಅದಕ್ಕೇ ಇರಬೇಕು,
ಮೈಸೂರಿನ ಮಂಡಿ ಮೊಹಲ್ಲಾದಲ್ಲಿ
ಇಂತಿಯಾಜ್ ಭಾಯಿಯ ಗುಜರಿಯೊಳಗೆ
ಒಡೆದ ಮಗ್ಗು, ಕಾಲಿಲ್ಲದ ಕುರ್ಚಿಗಳ ನಡುವೆ
ಈ ಕಪ್ಪು ಪ್ಲಾಸ್ಟಿಕ್ ಕ್ಯಾಮೆರಾ ಕಂಡಾಗ
ಕೈ ತಾನೇ ಹೋಯಿತು.
'ಮಕ್ಕಳಾಟದ್ದು, ನಲವತ್ತು ಕೊಡಿ ಸಾಕು.'
ಲೆನ್ಸೂ ಪ್ಲಾಸ್ಟಿಕ್ಕೇ.
ದೂರ ಹೇಳಲು ಅಂಕಿಗಳಿಲ್ಲ, ಮೂರು ಪುಟ್ಟ ಚಿತ್ರ:
ಒಬ್ಬ ಮನುಷ್ಯ, ಒಂದು ಗುಂಪು, ಒಂದು ಬೆಟ್ಟ.
ನಮ್ಮ ಬೀದಿಯಲ್ಲಿ ಬೆಟ್ಟಕ್ಕೆ ಎಲ್ಲಿ ಹೋಗಲಿ,
ಒಂಟಿ ಮನುಷ್ಯನೂ ಸಿಗುವುದಿಲ್ಲ.
ಗುಂಪಿನ ಮೇಲೇ ನಿಲ್ಲಿಸಿದೆ.

ಬೆನ್ನಿನ ಮುಚ್ಚಳ ನಿಲ್ಲುವುದಿಲ್ಲ,
ವೈರಿಗೆ ಸುತ್ತುವ ಟೇಪು ಸುತ್ತಿದೆ.
ಸುತ್ತಿದರೂ ಎಲ್ಲೋ ಒಂದು ಕಡೆ
ಬೆಳಕು ಸೋರುತ್ತದೆ, ಹಳೇ ಮಡಕೆಯ ಹಾಗೆ.
ಶಿವರಾಂಪೇಟೆಯಲ್ಲಿ ಮುಚ್ಚಿಹೋದ ಸ್ಟುಡಿಯೋದಿಂದ
ಅವಧಿ ತೀರಿದ ರೋಲು ಆರು ತಂದು
ಫ್ರಿಜ್ಜಿನಲ್ಲಿಟ್ಟೆ. ದೋಸೆ ಹಿಟ್ಟಿನ ಪಕ್ಕದ ಆ ಡಬ್ಬಿಗೆ
ಮಹದೇವಿ ಚೀಟಿ ಅಂಟಿಸಿದ್ದಾಳೆ:
'ತಿನ್ನೋದಲ್ಲ.'

ತೊಳೆಯುವ ರಾತ್ರಿ ಶಟರು ಎಳೆದು
ಸಂದಿಗೆ ಗೋಣಿ ತುರುಕಿ
ಇನ್‌ಸ್ಟಂಟ್ ಕಾಫಿ ಪುಡಿ, ಬಟ್ಟೆ ಸೋಡ,
ಮೆಡಿಕಲ್ಲಿನ ಹುಳಿ ವಿಟಮಿನ್ ಮಾತ್ರೆ ಕುಟ್ಟಿ ಕದಡುತ್ತೇನೆ.
ಚಿಕೋರಿ ಬೆರೆತದ್ದು ಆಗುವುದಿಲ್ಲ;
ಒಂದು ರೋಲು ಕಳೆದು ಕಲಿತ ವಿದ್ಯೆ.
ಅಂಗಡಿಯೆಲ್ಲ ಹಳಸಿದ ಮೀನಿನ ನಾತ.
ಗಸ್ತಿನ ಪೊಲೀಸು ಲಾಠಿಯಲ್ಲಿ ಬಡಿದ:
'ಯಾವನ್ಲಾ ಒಳ್ಗೆ, ಏನ್ ಕಾಯಿಸ್ತಿದ್ದೀಯ?'
'ಕಾಫಿ ಸಾರ್.'
ಸುಳ್ಳೇನಲ್ಲ.

ಬೆಳಗ್ಗೆ, ಒಣಗಿದ ನೆಗೆಟಿವನ್ನು
ಅದೇ ಜೆರಾಕ್ಸ್ ಗಾಜಿನ ಮೇಲೆ ಮಲಗಿಸಿ
ನಾನೂರು ಪರ್ಸೆಂಟು ಹಿಗ್ಗಿಸಿ
ಯಾರೂ ಒತ್ತದ ಆ ಉಲ್ಟಾ ಗುಂಡಿ ಒತ್ತಿದೆ.
ಬಿಸಿಬಿಸಿ ಹಾಳೆಯಲ್ಲಿ ಬಂದದ್ದು
ಮೆಟ್ಟಿಲ ಬದಿಯಲ್ಲಿ ಎಲೆ ಮಾರುವ ಸಣ್ಣತಾಯಮ್ಮ.
ಕಟ್ಟು ಎಣಿಸುತ್ತಿದ್ದಾಳೆ. ರೋಲು ಸುತ್ತಲು ಮರೆತಿದ್ದೆ,
ಅವಳ ಎದೆಯೊಳಗಿಂದ ಕಬ್ಬಿನ ಲಾರಿ ಹೊರಟಿದೆ.
ಅಂಚೆಲ್ಲ ಕತ್ತಲು, ನಡುವೆ ಒಂದಿಷ್ಟು ಬೆಳಗು,
ಬಲಗಡೆ ಮಜ್ಜಿಗೆ ಚೆಲ್ಲಿದಂತೆ ಬಿಳುಪು.
ಹರಿಯಬೇಕೆಂದಿದ್ದೆ. ಅಷ್ಟರಲ್ಲಿ ಅವಳೇ ಬಂದು
ಮೂಗಿಗೆ ತಾಗಿಸಿ ಹಿಡಿದಳು.

'ಊಂ. ನಂಗೆ ದಿನಾ ಹಿಂಗೇ ಕಾಣಾದು.
ನಿಂಗ್ಯಾರ್ ಯೋಳಿದ್ರು?'

ಆಷಾಢ ಕಳೆದ ಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ
ಎರಡೂ ಕಣ್ಣಿನ ಪೊರೆ ತೆಗೆದರು.
ಕರಿ ಕನ್ನಡಕ ಬಿಚ್ಚಿಟ್ಟ ದಿನ
ನನ್ನನ್ನೇ ಮೊದಲು ಬೈದಳು:
'ಇಷ್ಟೊಂದು ನರ್ತೋಗಿದ್ದೀಯಲ್ಲೋ,
ಒಂದ್ ಮಾತು ಹೇಳ್ಬಾರ್ದಾ?'
ಗೋಡೆಯ ಎಲೆಅಡಿಕೆ ಕಲೆ, ಚರಂಡಿ, ಫ್ಯಾನಿನ ಧೂಳು,
ಒಂದೊಂದಕ್ಕೂ ಲೆಕ್ಕ ಕೇಳಿದಳು.
ಆಮೇಲೆ ಸೊಂಟದ ಚೀಲದಿಂದ
ನಾಲ್ಕು ಮಡಿಕೆ ಮಾಡಿದ್ದ ಹಾಳೆ ತೆಗೆದು
ಸುಣ್ಣದ ಬೆರಳಿಂದ ನೀವಿದಳು.
'ಬಿಸಾಕ್ಬ್ಯಾಡ ಅಂತ ಮಡಿಕ್ಕೊಂಡಿವ್ನಿ.
ನನ್ ಹಳೇ ಕಣ್ಣು ಇದು.
ಇನ್ನೊಂದು ನಕಲು ತೆಗ್ದುಕೊಡು, ಮಾಸ್ತಾ ಅದೆ.'

ಗಾಜು ಒರೆಸಿದೆ, ಹಾಳೆ ಇಟ್ಟೆ.
ಎಷ್ಟು ಸಲ ತೆಗೆದರೂ
ಅವಳು ಹಿಡಿದು ನೋಡಿ ತಲೆಯಾಡಿಸುತ್ತಾಳೆ:
'ಇದು ಸ್ಯಾನೆ ಕಪ್ಪಾಯ್ತು.'
'ಇದ್ರಾಗೆ ಲಾರಿ ಹಿಂದಕ್ಕೋಯ್ತು.'
ಹದಿನೇಳು ವರ್ಷದಲ್ಲಿ ಮೊದಲ ಗಿರಾಕಿ
ಮಸುಕು ಸರಿಯಾಗಿ ಬಂದಿಲ್ಲವೆಂದು ವಾಪಸು ಕೊಟ್ಟವಳು.

ಅತ್ತ ಒಬ್ಬ ಕಾಯುತ್ತಿದ್ದಾನೆ, ಜಾತಿ ಪತ್ರ, ಎರಡು ಪ್ರತಿ.
ಕೌಂಟರಿನ ಮೇಲೆ ಕ್ಯಾಮೆರಾ.
ಬೆನ್ನಿನ ಕೆಂಪು ಕಿಂಡಿಯಲ್ಲಿ ಹನ್ನೊಂದು.
ಬಿಸಿಲು ಮೆಟ್ಟಿಲಿಗೆ ಬಂದಿದೆ, ಅವಳು ಎಲೆಗೆ ನೀರು ಚಿಮುಕಿಸುತ್ತಿದ್ದಾಳೆ.
ಹನ್ನೊಂದು ಆಗಲೇ ತೆಗೆದದ್ದೋ, ಇನ್ನು ತೆಗೆಯಬೇಕಾದದ್ದೋ,
ನೆನಪಿಲ್ಲ.

ಒತ್ತಿದೆ.