ಹದಿನಾಲ್ಕನೇ ಕಂಬ

ಗಾಣಗಾಪುರದ ಸಂಗಮಕ್ಕೆ ನಾನು ಹೋದದ್ದು
ಹರಕೆಗಲ್ಲ, ಸುತ್ತಿಗೆ ಹಿಡಿದು.
ಅಮರ್ಜಾ ನದಿಯ ಮೇಲೆ ಕಾಲ್ನಡಿಗೆಯ ಸೇತುವೆ,
ಉದ್ದ ಅರವತ್ತೆರಡು ಮೀಟರು, ಅಗಲ ಎರಡು,
ವಯಸ್ಸು ಕಡತದಲ್ಲಿ ಒಂದು, ತುಕ್ಕಿನಲ್ಲಿ ಇನ್ನೊಂದು.
ಟೇಪಿನ ಆ ತುದಿ ಹಿಡಿಯಲು ಸಾಯಬಣ್ಣ.

ಕೆಲಸ ಸುಲಭದ್ದೇ.
ಕಟಾಂಜನದ ಕಂಬ ಕಂಬಕ್ಕೂ ಒಂದು ಪೆಟ್ಟು,
ಆಮೇಲೆ ಕಿವಿ.
ಗಟ್ಟಿ ಇದ್ದದ್ದು ಠಣ್ ಅಂತ ಎದುರು ಮಾತಾಡುತ್ತದೆ.
ಒಳಗೆ ತಿಂದುಹೋದದ್ದು
ನಿದ್ದೆಯಿಂದ ಎಬ್ಬಿಸಿದ ಮುದುಕನ ಹಾಗೆ
ಹೂಂ ಅನ್ನುತ್ತದೆ, ಅಷ್ಟೇ.
ಹೂಂ ಅಂದದ್ದಕ್ಕೆ ಸೀಮೆಸುಣ್ಣದಲ್ಲೊಂದು ಕತ್ತರಿ ಗುರುತು.

ಕೇಳಲು ಬಿಟ್ಟರಲ್ಲವೆ!
ಒದ್ದೆ ದೋತರ, ಒದ್ದೆ ಸೀರೆ,
ಸೊಲ್ಲಾಪುರದ ಮರಾಠಿ, ಅಕ್ಕಲಕೋಟೆಯ ಅರ್ಧ ಕನ್ನಡ,
ತಲೆ ಮೇಲೆ ಕೊಡ, ಕೊಡದಲ್ಲಿ ಎರಡು ಹೊಳೆ ಕೂಡಿದ ನೀರು,
ನಾನು ಎಣಿಸುವಷ್ಟರಲ್ಲಿ ಏಳನೆಯದು ಎಂಟಾಗಿ
ಮತ್ತೆ ಏಳಾಗುತ್ತಿತ್ತು.

ಒಬ್ಬ ಮುದುಕಿ ನಿಂತೇಬಿಟ್ಟಳು.
"ಏನವ್ವಾ, ಸೇತುವಿಗೂ ಗಾಳಿ ಹಿಡದದೇನು?"
ತುಕ್ಕು ಹಿಡದದ ಆಯಿ, ಅಂದೆ.
"ಎರಡೂ ಒಂದೇ ತಗೋ. ಒಳಗಿಂದೇ ತಿಂತಾವ."
ಹಿಂದೆ ಮಗಳು. ಮುಂಗೈ ಮುದುಕಿಯ ಮುಷ್ಟಿಯಲ್ಲಿ.
ಹೋಳಿ ಹುಣ್ಣಿಮೆಯಿಂದ ಮಾತಿಲ್ಲವಂತೆ.
ಹದಿನಾಲ್ಕನೇ ಕಂಬ ಹೂಂ ಅಂದಿತು.
ಗುರುತು ಹಾಕಿದೆ. ಹುಡುಗಿ ಅದನ್ನೇ ನೋಡಿದಳು,
ಯಾರೋ ತನ್ನ ಹೆಸರು ಬರೆದಂತೆ.

ಮಧ್ಯಾಹ್ನ ಊರೊಳಗೆ ಆರತಿ.
ಬೆಳ್ಳಿ ಚೌಕಟ್ಟಿನ ಕಿಂಡಿಗೆ ಕಣ್ಣಿಟ್ಟೆ,
ಪಾದುಕೆ ಕಂಡವೋ, ಹಿಂದಿನವರು ತಳ್ಳಿದ ಕತ್ತಲೆ ಕಂಡಿತೋ.
ನಗಾರಿ ಏರಿದಂತೆ ಅದೇ ಹುಡುಗಿ
ಕಬ್ಬಿಣದ ಸರಳು ಹಿಡಿದು ಮೇಲೇರಿದಳು,
ಕೂದಲು ಬಿಚ್ಚಿ, ಬಾಯಿ ಬಿಚ್ಚಿ.
ನನ್ನ ತಲೆ, ಪಾಪಿ ತಲೆ, ಲೆಕ್ಕ ಹಾಕಿತು:
ಐವತ್ತು ಕಿಲೋ, ಒಂದು ಅಡ್ಡಪಟ್ಟಿ, ಎರಡು ಬೆಸುಗೆ.
ತಡೆಯುತ್ತದೆ.
ಆ ಸರಳಿಗೆ ಎಲ್ಲೂ ತುಕ್ಕಿರಲಿಲ್ಲ.
ಅಷ್ಟು ಕೈ ಹಿಡಿದ ಕಬ್ಬಿಣ
ಹಳೆಯ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

ಹಸಿವಾಗಿತ್ತು. ಖಾನಾವಳಿ ಕಡೆ ತಿರುಗಿದೆ.
ಸಾಯಬಣ್ಣ ತಡೆದ:
"ಈ ಊರಾಗ ಕೊಂಡು ಉಣಬಾರ್ದ್ರೀ ಮೇಡಂ,
ಬೇಡಿ ಉಣಬೇಕು. ಐದು ಮನಿ."
ಜೋಳಿಗೆ ಇಲ್ಲ ಅಂದೆ.
ನನ್ನ ತಲೆ ನೋಡಿದ.
ಹಳದಿ ಹೆಲ್ಮೆಟ್ಟು ಕಳಚಿ ಬೋರಲು ತಿರುಗಿಸಿ
ಮೊದಲ ಹೊಸ್ತಿಲ ಮುಂದೆ ನಿಂತಾಗ
ಸರ್ಕಾರಿ ಗಂಟಲಿಂದ ದನಿ ಹೊರಡಲಿಲ್ಲ.
ಹೊರಡಬೇಕಾಗಿಯೂ ಇರಲಿಲ್ಲ.
ಆಕೆ ಹೆಲ್ಮೆಟ್ಟು ನೋಡಲಿಲ್ಲ, ನನ್ನನ್ನೂ.
ಜೋಳದ ರೊಟ್ಟಿ, ಮೇಲೊಂದು ಸೌಟು ಪುಂಡಿಪಲ್ಯ,
ಒಳಗೆ ಯಾರಿಗೋ ಬೈಯುತ್ತಲೇ ಹಾಕಿ ಹೋದಳು.
ಎರಡನೇ ಮನೆ. ಮೂರು.
ಐದನೆಯದಕ್ಕೆ ಬೀಗ.
ಲೆಕ್ಕಕ್ಕೆ ಬರ್ತದ, ಅಂದ ಸಾಯಬಣ್ಣ.

ಸಂಜೆ ಸೇತುವೆಗೆ ಮರಳಿದರೆ
ಹದಿನಾಲ್ಕನೇ ಕಂಬದಲ್ಲಿ ನನ್ನ ಗುರುತು
ಅರಿಶಿನದಲ್ಲಿ ಮುಳುಗಿತ್ತು.
ಕುಂಕುಮ, ಭಸ್ಮದ ಗುಡ್ಡದಿಂದ ತಂದ ಒಂದು ಚಿಟಿಕೆ ಬೂದಿ,
ಬುಡದಲ್ಲಿ ಊದಿನಕಡ್ಡಿ, ಅರ್ಧ ಬಾಳೆಹಣ್ಣು.
ಬಂದವರೆಲ್ಲ ಎರಡೂ ಕೈಯಿಂದ ಹಿಡಿದು,
ಹಣೆ ಊರಿ, ಭಾರ ಬಿಟ್ಟು...
ಮುಟ್ಟಬೇಡ್ರೀ! ಕೂಗಿದೆ.
"ಯಾಕವ್ವಾ, ಮಡಿ ಅದೇನು?"

ಸುತ್ತಿಗೆ ಕೈಯಲ್ಲೇ ಇತ್ತು. ಹೊಳೆ ಕೆಳಗಿತ್ತು.
ಹೌದು, ಅಂದೆ. ಮಡಿ ಅದ.
ಗುಂಪು ಒಂದು ಮಾರು ಹಿಂದೆ ಸರಿಯಿತು.
ಸಾಯಬಣ್ಣ ಹಗ್ಗ ಬಿಗಿದ, ನಗು ತಡೆದು.
ಹಗ್ಗದಾಚೆಯಿಂದ ಕೈಮುಗಿದು ಹೋದರು
ಒಬ್ಬೊಬ್ಬರಾಗಿ, ಸೇತುವೆಯ ಇನ್ನೊಂದು ಅಂಚಿಗೆ.

ಅಲ್ಲೇ ಕೂತು ಬರೆದೆ:
ಕಂಬ ಹದಿನಾಲ್ಕು, ತಕ್ಷಣ ಬದಲಿಸತಕ್ಕದ್ದು.
ಷರಾ ಅನ್ನುವ ಕಡೆ ಪೆನ್ನು ಸ್ವಲ್ಪ ಹೊತ್ತು ನಿಂತಿತ್ತು,
ಆಮೇಲೆ ಇಲ್ಲ ಅಂತ ಬರೆದೆ.

ಸಾಯಬಣ್ಣನ ಬೈಕು ಕಲಬುರಗಿ ಕಡೆ ಹೊರಳಿದಾಗ
ಹೆಲ್ಮೆಟ್ಟು ಹಾಕಿಕೊಂಡೆ.
ಎಷ್ಟು ತೊಳೆದಿದ್ದೆನೋ!
ಚೌಡಾಪುರ ದಾಟಿದರೂ ಕಿವಿಯ ಹತ್ತಿರ
ಪುಂಡಿಪಲ್ಯದ ಹುಳಿ.